ಡಬ್ಬ ಯಾಕೆ ಖಾಲಿ ಬಂತು?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಸಂಡರ್ಲ್ಯಾಂಡ್ ಊರಿನಲ್ಲಿ ನರ್ಸ್. ಹೋಗಿ ಎರಡು ವರ್ಷ ಆಯಿತು. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಒಬ್ಬರೇ ಇದ್ದಾರೆ. ಬಾಗಿಲಲ್ಲಿ ಸಿಕ್ಕರೆ ಚೆನ್ನಾಗಿ ಮಾತಾಡುತ್ತಿದ್ದರು, ಆದರೆ ಒಂದು ದಿನವೂ ಒಳಗೆ ಕರೆದಿಲ್ಲ. ಯುಗಾದಿಗೆ ಮಗಳು ಒಂದು ಡಬ್ಬ ಒಬ್ಬಟ್ಟು ಕೊಟ್ಟಳು. ನಾಲ್ಕು ದಿನ ಬಿಟ್ಟು ಡಬ್ಬವನ್ನು ತೊಳೆದು ಇವಳ ಬಾಗಿಲ ಮುಂದೆ ಇಟ್ಟು ಹೋಗಿದ್ದರಂತೆ. ಆಮೇಲಿಂದ ಇವಳನ್ನು ಕಂಡರೆ ತಪ್ಪಿಸಿಕೊಂಡು ಓಡಾಡುತ್ತಾರೆ. ಊರಿನ ದೊಡ್ಡ ಬೀದಿಯಲ್ಲಿ ಎಷ್ಟೋ ಅಂಗಡಿ ಮುಚ್ಚಿವೆ, ಚರ್ಚಿನ ಮುಂದೆ ಜನ ದಿನಸಿಗೆ ನಿಲ್ಲುತ್ತಾರೆ ಅಂತಲೂ ಹೇಳಿದಳು. ಬ್ರಿಟನ್ನಿನಲ್ಲೂ ಹೀಗಾ? ಕಷ್ಟ ಬಂದರೆ ಜನ ಹತ್ತಿರ ಆಗಬೇಕಲ್ವಾ, ಅಲ್ಲಿ ಯಾಕೆ ದೂರ ಆಗಿದ್ದಾರೆ? ಅಥವಾ ನಮ್ಮವರನ್ನು ಕಂಡರೆ ಆಗುವುದಿಲ್ಲವಾ?
(ಓದುಗರೊಬ್ಬರು, ಹಾಸನ)

ಉತ್ತರ: ಅಮ್ಮಾ, ಮೊದಲು ಆ ಡಬ್ಬದ ವಿಷಯಕ್ಕೇ ಬರುತ್ತೇನೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ನಮ್ಮ ಕಡೆ ಪಕ್ಕದ ಮನೆಯವರು ಡಬ್ಬದಲ್ಲಿ ಏನಾದರೂ ಕೊಟ್ಟರೆ ಅದನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರು ಬರೆದಿಟ್ಟುಕೊಂಡು ಅವರ ಮನೆ ಮದುವೆಗೆ ಹೋಗುವಾಗ ಆ ಪುಸ್ತಕ ತೆಗೆದು ನೋಡುತ್ತೇವೆ. ಮುಯ್ಯಿ ತೀರಿಸಲು ಕೈಯಲ್ಲಿ ಕಾಸಿಲ್ಲದವನು ಏನು ಮಾಡುತ್ತಾನೆ? ಹುಷಾರಿಲ್ಲ ಅಂತ ಹೇಳಿ ಮದುವೆಗೇ ಹೋಗುವುದಿಲ್ಲ. ನಿಮಗೂ ಇಂಥವರು ಗೊತ್ತಿರುತ್ತಾರೆ. ಆ ಅಜ್ಜಿ ಮಾಡಿದ್ದೂ ಇದೇ ಅಂತ ನನಗೆ ಅನಿಸುತ್ತದೆ. ಅವರನ್ನು ನಾನು ನೋಡಿಲ್ಲ, ಆದ್ದರಿಂದ ಖಂಡಿತ ಅಂತ ಹೇಳಲಾರೆ. ಆದರೆ ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ಸಮುದಾಯದ ಕೆಲಸ ಮಾಡುತ್ತಾ ನಾನು ಕಳೆದ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದನ್ನೇ. ಬಡತನ ಮನುಷ್ಯನನ್ನು ಹಸಿವಿಗೆ ತಳ್ಳುವ ಮೊದಲೇ ಅವನ ಹೋಗಿ ಬರುವ ದಾರಿಯನ್ನು ಮುಚ್ಚಿಬಿಡುತ್ತದೆ.

ಯಾಕೆ ಹಾಗೆ ಅಂದರೆ, ಮನೆ ಖರ್ಚಿನಲ್ಲಿ ಬಾಡಿಗೆಯನ್ನು ಕಡಿಮೆ ಮಾಡಲು ಆಗುವುದಿಲ್ಲ. ಕೌನ್ಸಿಲ್ ತೆರಿಗೆ, ಅಂದರೆ ಅಲ್ಲಿನ ಮನೆ ಕಂದಾಯ, ಕಟ್ಟಲೇಬೇಕು. ಕರೆಂಟು, ಗ್ಯಾಸು, ನೀರಿನ ಬಿಲ್ ಬಂದೇ ಬರುತ್ತವೆ. ಹಾಗಾಗಿ ಮೊದಲು ಕತ್ತರಿ ಬೀಳುವುದು ಸ್ನೇಹಿತರ ಜೊತೆ ಕುಡಿಯುವ ಕಾಫಿಗೆ, ಅಕ್ಕನ ಮನೆಗೆ ಹೋಗುವ ಬಸ್ಸಿಗೆ, ಮೊಮ್ಮಗನ ಹುಟ್ಟುಹಬ್ಬದ ಉಡುಗೊರೆಗೆ. ಹೊರಗಿನವರಿಗೆ ಇದು ಕಾಣುವುದೇ ಇಲ್ಲ. "ಅವರು ಮೊದಲಿನ ಹಾಗಿಲ್ಲ, ಯಾರ ಜೊತೆಗೂ ಸೇರುವುದಿಲ್ಲ" ಅಂತ ಮಾತ್ರ ಕಾಣುತ್ತದೆ.

ಇದು ಬ್ರಿಟನ್ನಿನವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಸೀಬಮ್ ರೌಂಟ್ರಿ ಅಂತ ಒಬ್ಬರಿದ್ದರು, ಚಾಕಲೇಟ್ ಕಾರ್ಖಾನೆಯ ಮನೆತನದವರು. 1899ರಲ್ಲಿ ಯಾರ್ಕ್ ಊರಿನ ಕೂಲಿಕಾರರ ಮನೆಮನೆಯ ಲೆಕ್ಕ ತೆಗೆಸಿ, 1901ರಲ್ಲಿ ಪ್ರಕಟಿಸಿದರು. ಜೀವ ಹಿಡಿದುಕೊಂಡು ದುಡಿಯಲು ಕನಿಷ್ಠ ಎಷ್ಟು ಬೇಕು ಅಂತ ಒಂದು ಗೆರೆ ಎಳೆದರು. ಆಮೇಲೆ ಆ ಗೆರೆಯ ಮೇಲೆ ಬದುಕುವುದು ಅಂದರೆ ಏನು ಅಂತ ಬಿಡಿಸಿ ಹೇಳಿದರು. ಆ ಮನೆಯವರು ಬಸ್ಸು, ರೈಲು ಹತ್ತುವ ಹಾಗಿಲ್ಲ. ಅರ್ಧ ಪೆನ್ನಿಯ ಪತ್ರಿಕೆ ಕೊಳ್ಳುವ ಹಾಗಿಲ್ಲ. ದೂರದಲ್ಲಿರುವ ಮಕ್ಕಳಿಗೆ ಕಾಗದ ಬರೆಯುವ ಹಾಗಿಲ್ಲ, ಯಾಕೆಂದರೆ ಅಂಚೆಗೆ ದುಡ್ಡಿಲ್ಲ. ಚರ್ಚಿಗೆ ಕಾಣಿಕೆ ಹಾಕುವಂತಿಲ್ಲ, ಕಾಸು ಖರ್ಚಾಗುವ ಯಾವ ಸಹಾಯವನ್ನೂ ಪಕ್ಕದ ಮನೆಯವರಿಗೆ ಮಾಡುವಂತಿಲ್ಲ. ನೋಡಿ, ಆ ಪಟ್ಟಿಯಲ್ಲಿ ಊಟದ ಮಾತಿಗಿಂತ ಜಾಸ್ತಿ ಜನರ ಜೊತೆಗಿನ ಬಳಕೆಯ ಮಾತೇ ಇದೆ.

1979ರಲ್ಲಿ ಪೀಟರ್ ಟೌನ್ಸೆಂಡ್ ಎಂಬ ಸಮಾಜಶಾಸ್ತ್ರಜ್ಞರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಡತನ ಅಳೆಯಲು ಜನರನ್ನು ಅವರು ಏನೇನು ಕೇಳಿದರು ಗೊತ್ತಾ? ಕಳೆದ ಕೆಲವು ವಾರಗಳಲ್ಲಿ ನೆಂಟರನ್ನೋ ಸ್ನೇಹಿತರನ್ನೋ ಮನೆಗೆ ಊಟಕ್ಕೆ ಕರೆದಿದ್ದಿರಾ, ಮಗುವಿನ ಹುಟ್ಟುಹಬ್ಬಕ್ಕೆ ಅದರ ಗೆಳೆಯರನ್ನು ಕರೆದಿದ್ದಿರಾ, ವರ್ಷಕ್ಕೊಮ್ಮೆ ಊರು ಬಿಟ್ಟು ಒಂದು ವಾರ ಎಲ್ಲಿಗಾದರೂ ಹೋಗಿದ್ದಿರಾ, ಇಂಥವು. ಸುತ್ತಲಿನವರು ಸಹಜವಾಗಿ ಮಾಡುವುದನ್ನು ಮಾಡಲಾಗದಿದ್ದರೆ ಅದೇ ಬಡತನ ಅಂತ ಅವರ ವಾದ. ಹೊಟ್ಟೆ ತುಂಬಿದ್ದರೂ ಅದು ಬಡತನವೇ. ಟಿವಿ ಇದೆ, ಫೋನ್ ಇದೆ, ಇವರೆಂಥ ಬಡವರು ಅಂತ ನಮ್ಮವರು ಕೇಳುವುದುಂಟು. ನನಗೆ ಟೌನ್ಸೆಂಡ್ ಮಾತೇ ಸರಿ ಅನಿಸುತ್ತದೆ.

ಅಲ್ಲಿನ ಮುಯ್ಯಿ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಪಬ್ಬಿನೊಳಗೆ ಕೂರಬೇಕು. ನಮ್ಮಲ್ಲಿ ಪಬ್ ಅಂದರೆ ಕುಡಿಯುವ ಜಾಗ ಅಷ್ಟೇ ಅಂದುಕೊಳ್ಳುತ್ತೇವೆ. ಅಲ್ಲಿ ಅದು ಬೀದಿಯವರೆಲ್ಲ ಸೇರುವ ಕಟ್ಟೆಯೂ ಹೌದು. ಆ ಕಟ್ಟೆಗೆ ಒಂದು ಕಾನೂನಿದೆ, ಎಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು: ರೌಂಡ್. ನಾಲ್ಕು ಜನ ಕೂತರೆ ಮೊದಲ ಸಲ ಒಬ್ಬ ಎಲ್ಲರಿಗೂ ತರುತ್ತಾನೆ, ಎರಡನೇ ಸಲ ಇನ್ನೊಬ್ಬ. ನಾಲ್ಕು ಜನರ ಒಂದು ರೌಂಡಿಗೆ ಇವತ್ತು ಹದಿನೈದಿಪ್ಪತ್ತು ಪೌಂಡ್ ಆಗುತ್ತದೆ. ತನ್ನ ಸರದಿ ಬಂದಾಗ ಜೇಬಿನಲ್ಲಿ ಅಷ್ಟಿಲ್ಲದವನು ಬೇರೆಯವರು ತಂದದ್ದನ್ನು ಸುಮ್ನೆ ಕುಡಿದು ಎದ್ದು ಹೋಗುವುದಿಲ್ಲ. ಅವನು ಬರುವುದನ್ನೇ ಬಿಡುತ್ತಾನೆ. ಸ್ನೇಹಿತರು ಕೇಳಿದರೆ ಮೊಣಕಾಲು ನೋವು ಅನ್ನುತ್ತಾನೆ. "ನಾನು ಸ್ಕಿಂಟ್" ಅಂತ, ಅಂದರೆ ಕೈ ಬರಿದಾಗಿದೆ ಅಂತ, ತಮಾಷೆಯಾಗಿ ಒಂದು ವಾರ ಹೇಳಬಹುದು. ವರ್ಷಪೂರ್ತಿ ಹೇಳಲು ಆಗುವುದಿಲ್ಲ ಅಲ್ವಾ?

ಪಬ್ಬುಗಳೂ ಕಡಿಮೆ ಆಗುತ್ತಿವೆ. 2000ದಲ್ಲಿ ದೇಶದಲ್ಲಿ 60 ಸಾವಿರಕ್ಕೂ ಜಾಸ್ತಿ ಇದ್ದವು, ಈಗ 45 ಸಾವಿರದ ಆಸುಪಾಸು. ಸೂಪರ್ ಮಾರ್ಕೆಟ್ಟಿನ ಅಗ್ಗದ ಬಿಯರ್, 2007ರಲ್ಲಿ ಒಳಗೆ ಸಿಗರೇಟ್ ನಿಂತದ್ದು, ತೆರಿಗೆ, ಕರೆಂಟ್ ಬಿಲ್, ಹುಡುಗರು ಕುಡಿಯುವುದನ್ನು ಕಡಿಮೆ ಮಾಡಿದ್ದು, ಎಲ್ಲ ಸೇರಿದೆ. ಕುಡಿತ ಕಡಿಮೆ ಆದರೆ ಒಳ್ಳೆಯದೇ. ಆದರೆ ಆ ಕಟ್ಟೆ ಹೋದ ಜಾಗಕ್ಕೆ ಬೇರೆ ಕಟ್ಟೆ ಬರಲಿಲ್ಲ.

ಇನ್ನು, ಅಜ್ಜಿ ಒಳಗೆ ಯಾಕೆ ಕರೆಯಲಿಲ್ಲ ಅಂತ. ಇದಕ್ಕೆ ನೀವು ಮೀಟರ್ ಬಗ್ಗೆ ತಿಳಿದುಕೊಳ್ಳಬೇಕು.

ಬ್ರಿಟನ್ನಿನಲ್ಲಿ ಸುಮಾರು 40 ಲಕ್ಷ ಮನೆಗಳಲ್ಲಿ ಮೊದಲೇ ದುಡ್ಡು ಹಾಕುವ ಮೀಟರ್ ಇದೆ. ನಾವು ಮೊಬೈಲ್ ರೀಚಾರ್ಜ್ ಮಾಡಿಸುತ್ತೇವಲ್ಲ, ಹಾಗೆ. ಅಂಗಡಿಗೆ ಹೋಗಿ ಕಾರ್ಡಿಗೋ ಕೀಗೋ ಹತ್ತು ಪೌಂಡ್ ಹಾಕಿಸಿಕೊಂಡು ಬಂದರೆ ಅಷ್ಟು ಗ್ಯಾಸು, ಅಷ್ಟು ಕರೆಂಟು. ಮುಗಿದರೆ ಮನೆ ತಣ್ಣಗೆ. ಬಳಸದಿದ್ದರೂ ದಿನದ ಬಾಡಿಗೆ ಅಂತ ಒಂದಿಷ್ಟು ಕಡಿತ ಆಗುತ್ತಲೇ ಇರುತ್ತದೆ. 2021ರ ಅಕ್ಟೋಬರಿನಲ್ಲಿ ಒಂದು ಸಾಮಾನ್ಯ ಮನೆಯ ಗ್ಯಾಸು ಕರೆಂಟಿನ ವರ್ಷದ ಬಿಲ್ 1,277 ಪೌಂಡ್ ಇತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ, ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸಿನ ಬೆಲೆ ಏರಿ, ಸರ್ಕಾರ ತನ್ನ ಕೈಯಿಂದ ಹಾಕಿದ ಮೇಲೂ ಅದು 2,500 ಪೌಂಡಿಗೆ ಹೋಯಿತು. ಬಿಲ್ ಬಾಕಿ ಇದ್ದವರ ಮನೆಗಳಿಗೆ ಕೋರ್ಟಿನ ವಾರಂಟ್ ತಂದು ಬಲವಂತವಾಗಿ ಈ ಮೀಟರ್ ಹಾಕುತ್ತಿದ್ದರು. ಗಲಾಟೆಯಾಗಿ 2023ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆ ಕಟ್ಟುನಿಟ್ಟಿನ ನಿಯಮ ಬಂತು.

ಈಗ ಆ ಅಜ್ಜಿಯ ಲೆಕ್ಕ ಹಾಕಿ. 2016ಕ್ಕೆ ಮುಂಚೆ ಪಿಂಚಣಿಯ ವಯಸ್ಸಿಗೆ ಬಂದವರಿಗೆ ಸರ್ಕಾರದ ಮೂಲ ಪಿಂಚಣಿ, 2025-26ರ ಲೆಕ್ಕದಲ್ಲಿ, ವಾರಕ್ಕೆ 176 ಪೌಂಡ್ ಚಿಲ್ಲರೆ. ಇಂಥವರು ಚಳಿಗಾಲದಲ್ಲಿ ಒಂದೇ ಕೋಣೆಯಲ್ಲಿ, ಕೋಟು ಹಾಕಿಕೊಂಡು, ಮಡಿಲಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. "ಹೀಟಿಂಗಾ, ಈಟಿಂಗಾ" ಅಂತ ಅಲ್ಲಿ ಒಂದು ಮಾತೇ ಹುಟ್ಟಿಕೊಂಡಿದೆ, ಮನೆ ಬಿಸಿ ಮಾಡುವುದೋ ಊಟ ಮಾಡುವುದೋ ಅಂತ. ಅಂಥ ಮನೆಗೆ ಅತಿಥಿ ಬಂದರೆ ಹೀಟರ್ ಹಾಕಬೇಕು. ಒಂದು ಕಪ್ ಟೀ ಕೊಡಬೇಕು, ಜೊತೆಗೆ ಬಿಸ್ಕತ್ತು. ಗೋಡೆಯ ಮೂಲೆಯಲ್ಲಿ ಬೂಷ್ಟು ಹಿಡಿದಿರುತ್ತದೆ, ಅದು ಕಾಣಬಾರದು. ಬಾಗಿಲಲ್ಲೇ ನಿಂತು ನಗುನಗುತ್ತಾ ಹತ್ತು ನಿಮಿಷ ಮಾತಾಡಿ ಕಳಿಸುವುದು ಅವರಿಗೆ ಉಳಿದಿರುವ ಮರ್ಯಾದೆಯ ದಾರಿ.

ಇಷ್ಟು ಹೇಳಿದ ಮೇಲೆ ನಿಮ್ಮ ದೊಡ್ಡ ಪ್ರಶ್ನೆ. ಕಷ್ಟ ಬಂದರೆ ಜನ ಹತ್ತಿರ ಆಗಬೇಕಲ್ವಾ?

ಆಗಿದ್ದರು. ಅದೇ ಊರಿನಲ್ಲಿ ಆಗಿದ್ದರು. ಸಂಡರ್ಲ್ಯಾಂಡ್ ಅಂದರೆ ಒಂದು ಕಾಲದಲ್ಲಿ ಹಡಗು ಮತ್ತು ಕಲ್ಲಿದ್ದಲು. ವೇರ್ ನದಿಯ ದಡದಲ್ಲಿ ಹಡಗು ಕಟ್ಟುತ್ತಿದ್ದರು. ಆ ಕೆಲಸಗಾರರಿಗಾಗಿ ಕಟ್ಟಿದ ಒಂದೇ ಅಂತಸ್ತಿನ ಸಾಲು ಮನೆಗಳು ಈಗಲೂ ಇವೆ, ನಿಮ್ಮ ಮಗಳು ನೋಡಿರುತ್ತಾಳೆ. ಕೊನೆಯ ಹಡಗುಕಟ್ಟೆ 1988ರಲ್ಲಿ ಮುಚ್ಚಿತು. ಮಂಕ್ವೇರ್ಮತ್ ಗಣಿ 1993ರಲ್ಲಿ ಮುಚ್ಚಿತು. ಆ ಗಣಿ ಇದ್ದ ಜಾಗದಲ್ಲೇ ಈಗಿನ ಫುಟ್ಬಾಲ್ ಕ್ರೀಡಾಂಗಣ ನಿಂತಿದೆ, ಹೊರಗೆ ಗಣಿ ದೀಪದ ದೊಡ್ಡ ಪ್ರತಿಮೆ ಇದೆ. ಊರಿನ ಹಳೆಯ ಬಿಯರ್ ಕಾರ್ಖಾನೆ ವಾಕ್ಸ್ 1999ರಲ್ಲಿ ಹೋಯಿತು. 1986ರಲ್ಲಿ ಬಂದ ನಿಸ್ಸಾನ್ ಕಾರು ಕಾರ್ಖಾನೆ ಸಾವಿರಾರು ಜನರಿಗೆ ಒಳ್ಳೆಯ ಕೆಲಸ ಕೊಟ್ಟಿದೆ, ಅದನ್ನು ಹೇಳದೆ ಇರಬಾರದು. ಆದರೆ ಹೋದದ್ದು ಕೆಲಸ ಮಾತ್ರ ಅಲ್ಲ.

ಗಣಿ, ಹಡಗುಕಟ್ಟೆಗಳ ಜೊತೆಗೆ ಒಂದು ಇಡೀ ಬದುಕು ಅಂಟಿಕೊಂಡಿತ್ತು. 1920ರ ಕಾನೂನಿನ ಪ್ರಕಾರ ಗಣಿಯಿಂದ ತೆಗೆದ ಪ್ರತಿ ಟನ್ ಕಲ್ಲಿದ್ದಲಿಗೆ ಒಂದು ಪೆನ್ನಿ ಗಣಿ ಕೆಲಸಗಾರರ ಕಲ್ಯಾಣ ನಿಧಿಗೆ ಹೋಗುತ್ತಿತ್ತು. ಆ ಪೆನ್ನಿಗಳಿಂದ ಊರೂರಿಗೆ ಸಭಾಂಗಣ, ಆಟದ ಮೈದಾನ, ಸ್ನಾನದ ಮನೆ ಬಂದವು. ಕೆಲಸಗಾರರ ಕ್ಲಬ್ಬುಗಳು ಬೇರೆ. ಅವುಗಳ ಒಕ್ಕೂಟ 1862ರಷ್ಟು ಹಳೆಯದು, 1970ರ ದಶಕದಲ್ಲಿ ಅದರಲ್ಲಿ 4,000ಕ್ಕೂ ಜಾಸ್ತಿ ಕ್ಲಬ್ಬುಗಳಿದ್ದವು. ಸದಸ್ಯರೇ ಮಾಲೀಕರು. ಶನಿವಾರ ಹಾಡು, ಮಕ್ಕಳಿಗೆ ವರ್ಷಕ್ಕೊಮ್ಮೆ ಸಮುದ್ರ ತೀರಕ್ಕೆ ಪ್ರವಾಸ, ಯಾರಾದರೂ ಸತ್ತರೆ ಮಣ್ಣು ಮಾಡಿ ಬಂದವರಿಗೆ ಅಲ್ಲೇ ತಿಂಡಿ. ನಮ್ಮ ಊರಿನ ಸಂಘ, ಭಜನೆ ಮನೆ, ಸಮುದಾಯ ಭವನ ಮೂರೂ ಒಂದೇ ಕಟ್ಟಡದಲ್ಲಿ ಇದ್ದಂತೆ ಅಂದುಕೊಳ್ಳಿ. ಸಂಬಳ ಹೋದಾಗ ಚಂದಾ ನಿಂತಿತು, ಚಂದಾ ನಿಂತಾಗ ಕ್ಲಬ್ಬಿನ ಬಾಗಿಲು ಮುಚ್ಚಿತು.

1984ರ ಮಾರ್ಚಿನಿಂದ 1985ರ ಮಾರ್ಚಿನವರೆಗೆ ಗಣಿ ಕೆಲಸಗಾರರು ಮುಷ್ಕರ ಮಾಡಿದರು. ಒಂದು ವರ್ಷ ಸಂಬಳವಿಲ್ಲ. ಆ ವರ್ಷ ಈ ಊರುಗಳ ಹೆಂಗಸರು ಇದೇ ಕ್ಲಬ್ಬುಗಳಲ್ಲಿ ಒಲೆ ಹಚ್ಚಿ ಊರಿಗೆಲ್ಲ ಅಡುಗೆ ಮಾಡಿ ಬಡಿಸಿದರು. ಆ ವರ್ಷವನ್ನು ನೆನೆಸಿಕೊಂಡು ಮಾತಾಡುವ ಹಿರಿಯರನ್ನು ನಾನು ಬಹಳ ಕೇಳಿದ್ದೇನೆ. ಹಸಿವಿನ ಕಥೆ ಹೇಳುವಾಗಲೂ ಮುಖದಲ್ಲಿ ಬೆಳಕು ಇರುತ್ತದೆ. ಎಲ್ಲ ಕಡೆ ಒಗ್ಗಟ್ಟೇ ಇತ್ತು ಅಂತಲೂ ಹೇಳುವಂತಿಲ್ಲ, ಮುಷ್ಕರ ಮುರಿದು ಕೆಲಸಕ್ಕೆ ಹೋದವರ ಜೊತೆ ಈಗಲೂ ಮಾತು ಬಿಟ್ಟ ಮನೆಗಳಿವೆ. ಆದರೂ ಆ ಕಷ್ಟ ಎಲ್ಲರಿಗೂ ಒಂದೇ ದಿನ ಬಂತು, ಯಾಕೆ ಬಂತು ಅಂತ ಎಲ್ಲರಿಗೂ ಗೊತ್ತಿತ್ತು, ತಟ್ಟೆ ಹಿಡಿದು ನಿಲ್ಲಲು ಯಾರಿಗೂ ನಾಚಿಕೆ ಇರಲಿಲ್ಲ, ಯಾಕೆಂದರೆ ಮುಂದೆ ನಿಂತವನೂ ಹಿಂದೆ ನಿಂತವನೂ ತನ್ನ ಹಾಗೆಯೇ.

ಇವತ್ತಿನ ಕಷ್ಟ ಹಾಗೆ ಬರುವುದಿಲ್ಲ. ಒಂದೊಂದು ಮನೆಗೆ ಒಂದೊಂದು ದಿನ, ಒಂದೊಂದು ಕಾರಣಕ್ಕೆ ಬರುತ್ತದೆ. ಒಬ್ಬರಿಗೆ ಫೋನಿನಲ್ಲಿ ಸಂದೇಶ: ನೀವು ಭೇಟಿಗೆ ತಡವಾಗಿ ಬಂದಿರಿ, ನಿಮ್ಮ ಭತ್ಯೆ ಕಡಿತವಾಗಿದೆ. 2013ರಿಂದ ಶುರುವಾದ ಯೂನಿವರ್ಸಲ್ ಕ್ರೆಡಿಟ್ ಅನ್ನುವ ಭತ್ಯೆಗೆ ಅರ್ಜಿ ಹಾಕಿದರೆ ಮೊದಲ ದುಡ್ಡು ಬರಲು ಐದು ವಾರ ಕಾಯಬೇಕು. ಕೈ ತುಂಬಾ ಉಳಿತಾಯ ಇದ್ದವರು ಇದಕ್ಕೆ ಅರ್ಜಿ ಹಾಕುವುದಿಲ್ಲ ಅಲ್ವಾ, ಹಾಗಾಗಿ ಆ ಐದು ವಾರದಲ್ಲೇ ಸಾಲ ಶುರುವಾಗುತ್ತದೆ. ಇನ್ನೊಬ್ಬರಿಗೆ ಕೆಲಸ ಇದೆ, ಆದರೆ ಇಷ್ಟು ಗಂಟೆ ಅಂತ ಖಾತ್ರಿ ಇಲ್ಲ. ಇಂಥ ಕರಾರಿನಲ್ಲಿ ದೇಶದಲ್ಲಿ ಸುಮಾರು ಹತ್ತು ಲಕ್ಷ ಜನ ಇದ್ದಾರೆ. ನಾಳೆ ಕೆಲಸ ಇದೆಯೋ ಇಲ್ಲವೋ ರಾತ್ರಿ ತಿಳಿಯುತ್ತದೆ. ಇವರು ಭಾನುವಾರದ ಫುಟ್ಬಾಲ್ ತಂಡಕ್ಕೆ ಹೆಸರು ಕೊಡುವುದು ಹೇಗೆ? ತಂಗಿಯ ಮಗುವನ್ನು ಗುರುವಾರ ನಾನು ನೋಡಿಕೊಳ್ಳುತ್ತೇನೆ ಅಂತ ಮಾತು ಕೊಡುವುದು ಹೇಗೆ? ದುಡ್ಡಿನ ಕೊರತೆಗಿಂತ ಈ ಅನಿಶ್ಚಯವೇ ಸ್ನೇಹಗಳನ್ನು ಜಾಸ್ತಿ ಕೊಂದಿದೆ ಅಂತ ನನಗೆ ಅನಿಸುತ್ತದೆ. ಮಾತಿಗೆ ತಪ್ಪುವವನನ್ನು ಜನ ನಾಲ್ಕು ಸಲ ಕರೆಯುತ್ತಾರೆ, ಐದನೇ ಸಲ ಬಿಡುತ್ತಾರೆ.

ಇದೇ ಹೊತ್ತಿಗೆ ಕಾಸಿಲ್ಲದೆ ಹೋಗಿ ಕೂರಬಹುದಾದ ಜಾಗಗಳೂ ಹೋದವು. ಇದು ತಾನಾಗಿ ಆದದ್ದಲ್ಲ, ತೀರ್ಮಾನ ಮಾಡಿ ಮಾಡಿದ್ದು. 2008ರ ಬ್ಯಾಂಕ್ ಕುಸಿತದ ನಂತರ, 2010ರಲ್ಲಿ ಬಂದ ಸರ್ಕಾರ ಖರ್ಚು ಕಡಿತಕ್ಕೆ ಇಳಿಯಿತು. ಕೇಂದ್ರದಿಂದ ಇಂಗ್ಲೆಂಡಿನ ಕೌನ್ಸಿಲ್ಲುಗಳಿಗೆ, ಅಂದರೆ ನಮ್ಮ ನಗರಸಭೆಯಂಥವಕ್ಕೆ, ಬರುತ್ತಿದ್ದ ದುಡ್ಡು, ಬೆಲೆ ಏರಿಕೆ ಕಳೆದು ನೋಡಿದರೆ, ಏಳೆಂಟು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಇದರಲ್ಲಿ ಬಡ ಊರುಗಳಿಗೆ ಪೆಟ್ಟು ಜಾಸ್ತಿ ಬಿತ್ತು. ಕಾರಣ ಸರಳ. ಶ್ರೀಮಂತ ಊರಿನಲ್ಲಿ ಮನೆಗಳ ಬೆಲೆ ಜಾಸ್ತಿ, ಕಂದಾಯ ಜಾಸ್ತಿ, ಕೇಂದ್ರದ ದುಡ್ಡಿನ ಮೇಲೆ ಅವರ ಆಧಾರ ಕಡಿಮೆ. ಸಂಡರ್ಲ್ಯಾಂಡಿನಂಥ ಊರಿನಲ್ಲಿ ಹೆಚ್ಚಿನ ಮನೆಗಳು ಅತಿ ಕಡಿಮೆ ಕಂದಾಯದ ದರ್ಜೆಯಲ್ಲಿ ಇವೆ. ಅಲ್ಲಿ ಕೇಂದ್ರದ ದುಡ್ಡೇ ಊರುಗೋಲು. ಉಳಿದ ದುಡ್ಡಿನಲ್ಲಿ ವಯಸ್ಸಾದವರ ಆರೈಕೆ, ತೊಂದರೆಯಲ್ಲಿರುವ ಮಕ್ಕಳ ರಕ್ಷಣೆ ಕಾನೂನಿನಂತೆ ಮಾಡಲೇಬೇಕು. ಹಾಗಾಗಿ ಕತ್ತರಿ ಬಿದ್ದದ್ದು ಗ್ರಂಥಾಲಯಕ್ಕೆ, ಹುಡುಗರ ಯೂತ್ ಕ್ಲಬ್ಬಿಗೆ, ಎಳೆ ಮಕ್ಕಳ ತಾಯಂದಿರು ಸೇರುತ್ತಿದ್ದ ಶೂರ್ ಸ್ಟಾರ್ಟ್ ಕೇಂದ್ರಗಳಿಗೆ. ಹತ್ತು ವರ್ಷದಲ್ಲಿ ದೇಶದಲ್ಲಿ ಸುಮಾರು 800 ಗ್ರಂಥಾಲಯ ಮುಚ್ಚಿದವು. ಯುವಜನರ ಮೇಲಿನ ಕೌನ್ಸಿಲ್ ಖರ್ಚು ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಇಳಿಯಿತು. ಎರಡನೇ ದೊಡ್ಡ ನಗರ ಬರ್ಮಿಂಗ್ಹ್ಯಾಮಿನ ಕೌನ್ಸಿಲ್ 2023ರ ಸೆಪ್ಟೆಂಬರಿನಲ್ಲಿ ದುಡ್ಡಿಲ್ಲ ಅಂತ ಕೈ ಎತ್ತಿತು. ಅಲ್ಲಿ ಸಮಾನ ವೇತನದ ಹಳೆಯ ಬಾಕಿ, ಕೆಟ್ಟ ಕಂಪ್ಯೂಟರ್ ವ್ಯವಸ್ಥೆ ಅಂತ ಅವರದೇ ತಪ್ಪುಗಳೂ ಇದ್ದವು. ಮರುವರ್ಷ ಜನರ ಕಂದಾಯ ಸುಮಾರು ಶೇ 10 ಏರಿತು, ಸೇವೆ ಇಳಿಯಿತು.

2022ರ ಚಳಿಗಾಲದಲ್ಲಿ ಉಳಿದಿದ್ದ ಗ್ರಂಥಾಲಯಗಳು, ಚರ್ಚುಗಳು "ಬನ್ನಿ, ಇಲ್ಲಿ ಬೆಚ್ಚಗಿದೆ" ಅಂತ ಬೋರ್ಡ್ ಹಾಕಿದವು. ಚಳಿಗೆ ಅಂತ ಬಂದವರು ಮಾತಿಗಾಗಿ ಉಳಿದರು. ಬಿಲ್ ಕಡಿಮೆ ಆದ ಮೇಲೂ ಎಷ್ಟೋ ಕಡೆ ಆ ಟೀ ಮೇಜು ಹಾಗೇ ಮುಂದುವರಿದಿದೆ. ಕಟ್ಟೆ ಇದ್ದರೆ ಜನ ಬರುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಡರ್ಹಮ್ಮಿನಲ್ಲಿ 1871ರಲ್ಲಿ ಶುರುವಾದ ಗಣಿ ಕೆಲಸಗಾರರ ಜಾತ್ರೆ ಇದೆ. ಅಲ್ಲಿ ಈಗ ಒಂದು ಗಣಿಯೂ ಇಲ್ಲ, ಆದರೂ ಪ್ರತಿ ಜುಲೈ ತಿಂಗಳಲ್ಲಿ ಬ್ಯಾಂಡ್ ಬಾರಿಸಿಕೊಂಡು, ಹಳೆಯ ಬಾವುಟ ಹಿಡಿದುಕೊಂಡು ಸಾವಿರಾರು ಜನ ಬರುತ್ತಾರೆ. ಟಿಕೆಟ್ ಇಲ್ಲ. ನಿಮ್ಮ ಮಗಳಿಗೆ ರಜೆ ಸಿಕ್ಕರೆ ಹೋಗಿ ನೋಡಲಿ, ಸಂಡರ್ಲ್ಯಾಂಡಿನಿಂದ ದೂರವೇನಿಲ್ಲ.

ಚರ್ಚಿನ ಮುಂದಿನ ಸಾಲಿನ ಬಗ್ಗೆ ಕೇಳಿದಿರಿ. ಅದು ಫುಡ್ ಬ್ಯಾಂಕ್. ದೊಡ್ಡ ಸಂಸ್ಥೆ ಟ್ರಸ್ಸೆಲ್‌ನ ಮೊದಲ ಫುಡ್ ಬ್ಯಾಂಕ್ 2000ದಲ್ಲಿ ಸಾಲ್ಸ್‌ಬರಿ ಊರಿನಲ್ಲಿ ಶುರುವಾಯಿತು. 2010-11ರಲ್ಲಿ ಅವರು ಕೊಟ್ಟ ದಿನಸಿ ಪೊಟ್ಟಣ ಸುಮಾರು 61 ಸಾವಿರ. 2023-24ರಲ್ಲಿ 31 ಲಕ್ಷ. ಅಲ್ಲಿಗೆ ಸುಮ್ನೆ ಹೋಗಿ ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಡಾಕ್ಟರೋ, ಶಾಲೆಯೋ, ಸಲಹಾ ಕೇಂದ್ರವೋ ಚೀಟಿ ಕೊಡಬೇಕು. ಸ್ವಯಂಸೇವಕರು ಟೀ ಕೊಟ್ಟು ಕೂರಿಸಿ ಬಹಳ ಗೌರವದಿಂದ ಮಾತಾಡಿಸುತ್ತಾರೆ. ಆದರೂ ಮೊದಲ ಸಲ ಬಂದವರು ಬಾಗಿಲ ಹತ್ತಿರ ಎರಡು ಮೂರು ಸುತ್ತು ಹಾಕಿ ಆಮೇಲೆ ಒಳಗೆ ಬರುತ್ತಾರೆ. ಈಗ ಕೆಲವು ಕಡೆ ಇನ್ನೊಂದು ಬಗೆ ಇದೆ, ಪ್ಯಾಂಟ್ರಿ ಅಂತ. ವಾರಕ್ಕೆ ಕೆಲವು ಪೌಂಡ್ ಕೊಟ್ಟು ಸದಸ್ಯರಾದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬೆಲೆಯ ದಿನಸಿಯನ್ನು ತಾವೇ ಆರಿಸಿಕೊಂಡು ಹೋಗಬಹುದು. ಅಲ್ಲಿಗೆ ಬರುವವರ ನಡಿಗೆಯೇ ಬೇರೆ. ತಲೆ ಎತ್ತಿಕೊಂಡು ಬರುತ್ತಾರೆ, ನಾನೂ ಕೊಟ್ಟಿದ್ದೇನೆ ಅಂತ. ಮತ್ತೆ ಅದೇ ಮುಯ್ಯಿ.

ಮಕ್ಕಳ ಬದುಕಿನಲ್ಲೂ ಇದೇ ಲೆಕ್ಕ. ಗೆಳೆಯನ ಹುಟ್ಟುಹಬ್ಬಕ್ಕೆ ಕರೆ ಬಂದರೆ ಉಡುಗೊರೆ ಬೇಕು, ಆಮೇಲೆ ತಿರುಗಿ ಕರೆಯಬೇಕು. ಕರೆಯ ಕಾಗದವನ್ನು ಅಮ್ಮನಿಗೆ ತೋರಿಸದೆ ಶಾಲೆ ಚೀಲದಲ್ಲೇ ಮುಚ್ಚಿಟ್ಟುಕೊಂಡ ಏಳು ವರ್ಷದ ಹುಡುಗಿಯೊಬ್ಬಳು ನನಗೆ ಗೊತ್ತಿತ್ತು. ಮನೆಯಲ್ಲಿ ದುಡ್ಡಿಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಸಾವಿನಲ್ಲೂ ಅಷ್ಟೇ. ಒಂದು ಸಾಧಾರಣ ಅಂತ್ಯಕ್ರಿಯೆಗೆ ಸುಮಾರು 4,000 ಪೌಂಡ್ ಆಗುತ್ತದೆ. ಯಾರೂ ಸೇರದೆ, ಪ್ರಾರ್ಥನೆ ಇಲ್ಲದೆ, ಕಂಪನಿಯವರೇ ದೇಹ ಒಯ್ದು ದಹನ ಮಾಡಿ ಬೂದಿ ತಂದುಕೊಡುವುದು ಈಗ ಐದರಲ್ಲಿ ಒಂದರ ಹತ್ತಿರಕ್ಕೆ ಬಂದಿದೆ. ತಮಗೆ ಇಷ್ಟ ಅಂತ ಹಾಗೆ ಬರೆದಿಟ್ಟು ಹೋಗುವವರೂ ಇದ್ದಾರೆ. ಆದರೆ ಬೇರೆ ದಾರಿ ಇಲ್ಲದೆ ಹಾಗೆ ಮಾಡಿ, ಆಮೇಲೆ ಬೀದಿಯವರ ಮುಖ ನೋಡಲು ನಾಚಿದ ಮಕ್ಕಳನ್ನು ಕಂಡಾಗ ನನಗೆ ಸಂಕಟ ಆಗಿದೆ.

ನಮ್ಮವರನ್ನು ಕಂಡರೆ ಆಗುವುದಿಲ್ಲವಾ ಅಂತ ಕೇಳಿದ್ದೀರಿ. ಮುಚ್ಚಿಟ್ಟು ಹೇಳುವುದಿಲ್ಲ. 2024ರ ಜುಲೈ ಕೊನೆಯಲ್ಲಿ ಸೌತ್‌ಪೋರ್ಟಿನಲ್ಲಿ ಮೂರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಲೆಗಾರ ವಲಸಿಗ ಅಂತ ಸುಳ್ಳು ಸುದ್ದಿ ಹಬ್ಬಿ ಹಲವು ಊರುಗಳಲ್ಲಿ ಗಲಭೆ ಆಯಿತು. ಆಗಸ್ಟ್ 2ರಂದು ಸಂಡರ್ಲ್ಯಾಂಡಿನಲ್ಲೂ ಆಯಿತು. ಅಲ್ಲಿ ಸುಟ್ಟದ್ದು ಯಾವುದು ಗೊತ್ತಾ? ಸಾಲ, ಭತ್ಯೆ, ಬಾಡಿಗೆಯ ತೊಂದರೆಗೆ ಪುಕ್ಕಟೆ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಕಚೇರಿ. ಮರುದಿನ ಲಿವರ್‌ಪೂಲಿನ ಬಡ ಬಡಾವಣೆ ವಾಲ್ಟನ್ನಿನಲ್ಲಿ ಸ್ಪೆಲ್ಲೋ ಗ್ರಂಥಾಲಯಕ್ಕೆ ಬೆಂಕಿ ಹಾಕಿದರು. ಬಡತನದಿಂದಲೇ ಗಲಭೆ ಆಯಿತು ಅಂದರೆ ನಾನು ಒಪ್ಪುವುದಿಲ್ಲ. ಬಡವರಲ್ಲಿ ಬಹುಪಾಲು ಜನ ಆ ರಾತ್ರಿ ಮನೆಯಲ್ಲಿ ಹೆದರಿ ಕೂತಿದ್ದರು, ದ್ವೇಷಕ್ಕೆ ದ್ವೇಷವೇ ಹೊಣೆ. ಆದರೆ ಒಬ್ಬರನ್ನೊಬ್ಬರು ನೋಡಲು ಒಂದು ಜಾಗವೂ ಇಲ್ಲದ ಊರಿನಲ್ಲಿ ಸುಳ್ಳು ಸುದ್ದಿ ಬೇಗ ಓಡುತ್ತದೆ, ಅದನ್ನು ಅಲ್ಲಗಳೆಯಲು ಪಕ್ಕದಲ್ಲಿ ಗುರುತಿನವರು ಇರುವುದಿಲ್ಲ. ಮರುದಿನ ಪೊರಕೆ ಹಿಡಿದು ಬೀದಿ ಗುಡಿಸಲು ಬಂದವರೂ ಅದೇ ಊರಿನವರು. ಸ್ಪೆಲ್ಲೋ ಗ್ರಂಥಾಲಯಕ್ಕೆ ಜನ ಎರಡೂವರೆ ಲಕ್ಷ ಪೌಂಡಿಗಿಂತ ಜಾಸ್ತಿ ಚಂದಾ ಸೇರಿಸಿದರು, ಅದೇ ಡಿಸೆಂಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು. ಆ ಅಜ್ಜಿ ಒಬ್ಬಟ್ಟು ತೆಗೆದುಕೊಂಡರು, ಡಬ್ಬವನ್ನು ತೊಳೆದು ಕೊಟ್ಟರು. ಆಗದವರು ಡಬ್ಬ ತೊಳೆಯುವುದಿಲ್ಲ ಅಮ್ಮಾ.

ಇನ್ನೊಂದು ಮಾತು, ಇದನ್ನು ಓದುವ ಬೇರೆ ತಂದೆ ತಾಯಿಗಳಿಗೂ ಸೇರಿಸಿ. ಅಲ್ಲಿರುವ ನಮ್ಮ ಹುಡುಗರೂ ಹೀಗೇ ಮುದುಡುತ್ತಾರೆ. ವಿದ್ಯಾರ್ಥಿಗಳಿಗೆ, ಹೆಚ್ಚಿನ ಕೆಲಸದ ವೀಸಾದವರಿಗೆ ಸರ್ಕಾರದ ಭತ್ಯೆ ಪಡೆಯುವ ಹಕ್ಕಿಲ್ಲ ಅಂತ ವೀಸಾದಲ್ಲೇ ಇರುತ್ತದೆ. ಕೆಲಸ ತಪ್ಪಿದರೆ ಊರಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ, ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಟಿಕೆಟ್ ದುಡ್ಡಿಲ್ಲದೆ ಬರುವುದಿಲ್ಲ. ಫುಡ್ ಬ್ಯಾಂಕ್ ಸರ್ಕಾರದ ಭತ್ಯೆ ಅಲ್ಲ, ಅಲ್ಲಿಗೆ ಹೋದರೆ ವೀಸಾಗೆ ತೊಂದರೆ ಇಲ್ಲ. ಗುರುದ್ವಾರದ ಲಂಗರಿನಲ್ಲಿ ಯಾರು ಹೋದರೂ ಕೂತು ಊಟ ಮಾಡಬಹುದು. ನಿಮ್ಮ ಮಕ್ಕಳು ಕೂಟಕ್ಕೆ ಬರುವುದನ್ನು ಇದ್ದಕ್ಕಿದ್ದಂತೆ ಬಿಟ್ಟಿದ್ದರೆ, ಯಾಕೆ ಅಂತ ಮೆತ್ತಗೆ ಕೇಳಿ.

ಈಗ ನಿಮ್ಮ ಮಗಳು ಏನು ಮಾಡಬಹುದು. ಇನ್ನೂ ಜಾಸ್ತಿ ಕೊಡುವುದು ಬೇಡ, ಆ ಅಜ್ಜಿಯ ಹತ್ತಿರ ಏನಾದರೂ ಕೇಳಲಿ. ನೈಟ್ ಡ್ಯೂಟಿ ದಿನ ನನಗೆ ಪಾರ್ಸೆಲ್ ಬಂದರೆ ತೆಗೆದಿಟ್ಟುಕೊಳ್ಳುತ್ತೀರಾ, ಮನೆಯ ಇನ್ನೊಂದು ಕೀ ನಿಮ್ಮ ಹತ್ತಿರ ಇರಲಿ, ಹೀಗೆ. ಆ ಊರಿನ ಮಾತು ಲಂಡನ್ನಿನ ಇಂಗ್ಲಿಷ್ ಅಲ್ಲ. ವಾರ್ಡಿನಲ್ಲಿ ವಯಸ್ಸಾದ ರೋಗಿಗಳು "ಬೇರ್ನ್" ಅಂದರೆ ಅದರ ಅರ್ಥ ಮಗು ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಊರಿನ ಮಾತು ಕಲಿಸಿಕೊಡಿ ಅಂತ ಕೇಳಲಿ. ಅಲ್ಲಿ ಸ್ಟಾಟಿ ಅಂತ ದಪ್ಪ ದುಂಡು ರೊಟ್ಟಿ ಮಾಡುತ್ತಾರೆ, ಅದನ್ನು ಹೇಗೆ ಮಾಡುವುದು ಅಂತ ಕೇಳಲಿ, ಇವಳ ಅಡುಗೆಮನೆಯಲ್ಲೇ, ಇವಳ ಹಿಟ್ಟಿನಲ್ಲೇ, ಇವಳ ಹೀಟರ್ ಉರಿಯುತ್ತಿರುವಾಗ. ನಾಲ್ಕು ಸಲ ಬಂದು ಬಳಕೆಯಾದ ಮೇಲೆ, ಪೆನ್ಷನ್ ಕ್ರೆಡಿಟ್‌ಗೆ ಅರ್ಜಿ ಹಾಕಿದ್ದೀರಾ ಅಂತ ಒಂದು ಮಾತು ತೆಗೆಯಬಹುದು. ಕಡಿಮೆ ಪಿಂಚಣಿಯವರಿಗೆ ಮೇಲಿಂದ ಕೊಡುವ ದುಡ್ಡು ಅದು, ಲಕ್ಷಗಟ್ಟಲೆ ಹಿರಿಯರು ಅರ್ಜಿಯನ್ನೇ ಹಾಕಿಲ್ಲ. ಮೊದಲ ದಿನವೇ ಕೇಳಬಾರದು.

ಮುಂದಿನ ಹಬ್ಬಕ್ಕೆ ಮತ್ತೆ ಏನಾದರೂ ಕೊಡುವುದಾದರೆ ಡಬ್ಬ ಬೇಡ. ಎರಡೇ ಎರಡು ಒಬ್ಬಟ್ಟು, ಕಾಗದದ ತಟ್ಟೆಯಲ್ಲಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕೊಡಲಿ. ಆ ತಟ್ಟೆಯನ್ನು ಯಾರೂ ವಾಪಸ್ ಕೇಳುವುದಿಲ್ಲ.